ಬಸವಕಲ್ಯಾಣದ ಇತಿಹಾಸ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಬಸವಕಲ್ಯಾಣದವರು ಅಂತ ಗೊತ್ತಾದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ದೂರದ ನೆಂಟರ ಪತ್ರಗಳಲ್ಲಿ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರ ಕೊಡುವಾಗ ನನ್ನದೊಂದು ಹಟ ಇದೆ. ಈ ಊರಿನ ಕಥೆಯನ್ನು 12ನೇ ಶತಮಾನಕ್ಕೇ ನಿಲ್ಲಿಸಬಾರದು. ಶರಣರು ಊರು ಬಿಟ್ಟ ಮೇಲೂ ಇಲ್ಲಿ ಒಲೆ ಉರಿದಿದೆ, ಸಂತೆ ಕೂಡಿದೆ, ಜನ ಹುಟ್ಟಿ ಬೆಳೆದಿದ್ದಾರೆ. ಆಮೇಲಿನ 800 ವರ್ಷಗಳೂ ನಮ್ಮವೇ.

## ಮೊದಲ ಸಲ ಕೇಳುವವರಿಗೆ

ಬಸವಕಲ್ಯಾಣ ಅಂದ್ರೆ ಮುಂಬೈ ಹತ್ರ ಇರೋ ಕಲ್ಯಾಣನಾ?

ಅಲ್ಲ. ಅದು ಠಾಣೆ ಜಿಲ್ಲೆಯದು. ನಮ್ಮದು ಬೀದರ್ ಜಿಲ್ಲೆಯ ತಾಲ್ಲೂಕು ಕೇಂದ್ರ. ಬೀದರಿನಿಂದಲೂ ಕಲಬುರಗಿಯಿಂದಲೂ ಸುಮಾರು 80 ಕಿಲೋಮೀಟರ್. ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ, ವಾಯವ್ಯಕ್ಕೆ ಹೋದರೆ ನಿಲಂಗಾ. 2011ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 70 ಸಾವಿರದ ಹತ್ತಿರ.

ಪುಣೆ–ಹೈದರಾಬಾದ್ ಹೆದ್ದಾರಿ ಊರೊಳಗೆ ಬರುವುದಿಲ್ಲ, ದಕ್ಷಿಣಕ್ಕೆ ಹಾದು ಹೋಗುತ್ತದೆ. ದೂರದ ಬಸ್ಸಿನಲ್ಲಿ ಬರುವವರು ಸಸ್ತಾಪುರ ಬಂಗ್ಲಾದಲ್ಲಿ ಇಳಿಯಬೇಕು. ಟಿಕೆಟ್ ಕೇಳುವಾಗ ಬರೀ ‘ಬಂಗ್ಲಾ’ ಅಂದರೂ ಕಂಡಕ್ಟರಿಗೆ ತಿಳಿಯುತ್ತದೆ. ಊರಿಗೆ ರೈಲಿಲ್ಲ. ಹತ್ತಿರದ ನಿಲ್ದಾಣ ಹುಮನಾಬಾದ್. ಬೀದರ್–ಕಲಬುರಗಿ ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರಲ್ಲಿ.

ನಮ್ಮಜ್ಜ ‘ಕಲ್ಯಾಣಿ’ ಅಂತಿದ್ದ, ನಾವು ಬಸವಕಲ್ಯಾಣ ಅಂತೀವಿ. ಎರಡೂ ಒಂದೇ ಊರಾ?

ಒಂದೇ ಊರು. ಶಾಸನಗಳಲ್ಲಿ ಮತ್ತು ವಚನಗಳಲ್ಲಿ ಇದು ಕಲ್ಯಾಣ. ಸುಲ್ತಾನರು, ನವಾಬರ ಕಾಲದ ಕಾಗದಗಳಲ್ಲಿ ಕಲ್ಯಾಣಿ. ನಿಜಾಮರ ಆಳ್ವಿಕೆ ಮುಗಿದ ಮೇಲೆ ಬಸವಣ್ಣನವರ ಹೆಸರು ಸೇರಿ ಬಸವಕಲ್ಯಾಣ ಆಯಿತು. ಹಳೇ ದಾಖಲೆ ಹುಡುಕುವವರು ಮೂರೂ ಹೆಸರಿನಲ್ಲಿ ಹುಡುಕಬೇಕು.

ಒಂದೇ ದಿನ ಟೈಮ್ ಇದೆ. ಏನೇನು ನೋಡಬಹುದು?

ಬೆಳಿಗ್ಗೆ ಬಿಸಿಲೇರುವ ಮುಂಚೆ ಕೋಟೆ ನೋಡಿಬಿಡಿ. ಒಳಗಿರುವ ವಸ್ತು ಸಂಗ್ರಹಾಲಯದ ಜೈನ ಮೂರ್ತಿಗಳನ್ನು ಬಿಡಬೇಡಿ. ಆಮೇಲೆ ಪೇಟೆಯ ನಡುವಿನ ಬಸವೇಶ್ವರ ಗುಡಿ, ಪರುಷ ಕಟ್ಟೆ, ಬಂದವರ ಓಣಿ. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ತ್ರಿಪುರಾಂತ ಕೆರೆ, ಅನುಭವ ಮಂಟಪ, ರಾಜಾ ಬಾಗ್‌ಸವಾರ್ ದರ್ಗಾ ಎಲ್ಲ ಆಟೋದಲ್ಲಿ ಸುತ್ತುವಷ್ಟು ಹತ್ತಿರದಲ್ಲೇ ಇವೆ. 108 ಅಡಿಯ ಬಸವಣ್ಣನ ಮೂರ್ತಿ ಹೇಗೂ ದೂರದಿಂದಲೇ ಕಾಣುತ್ತದೆ.

ಸಂಜೆಗೆ ನಾರಾಯಣಪುರ ಇಟ್ಟುಕೊಳ್ಳಿ. ಊರ ಪಕ್ಕದ ಹಳ್ಳಿ, ಚಾಲುಕ್ಯರ ಕಾಲದ ಶಿವಾಲಯ. ಬರುವವರಲ್ಲಿ ಜಾಸ್ತಿ ಜನ ಇದನ್ನೇ ಬಿಟ್ಟು ಹೋಗುತ್ತಾರೆ. ಅದೇ ನನಗೆ ಬೇಜಾರು.

ಅಷ್ಟು ದೊಡ್ಡ ರಾಜಧಾನಿ ಆಗಿದ್ರೆ ಅರಮನೆ, ಗುಡಿ ಎಲ್ಲಾ ಎಲ್ಲಿ ಹೋದವು?

ಹಂಪಿ ನೋಡಿ ಬಂದವರು ಇದನ್ನು ಕೇಳೇ ಕೇಳುತ್ತಾರೆ. ಹಂಪಿಯನ್ನು ಜನ ಬಿಟ್ಟು ಹೋದರು, ಅದಕ್ಕೇ ಅದು ಉಳಿಯಿತು. ಕಲ್ಯಾಣವನ್ನು ಜನ ಬಿಡಲಿಲ್ಲ. ಅದೇ ಜಾಗದಲ್ಲಿ ಮನೆ ಮೇಲೆ ಮನೆ ಎದ್ದಿತು. ಬಿದ್ದ ಕಟ್ಟಡದ ಕಲ್ಲು ಕೋಟೆ ಗೋಡೆಗೆ ಹೋಯಿತು, ಮನೆಯ ಪಾಯಕ್ಕೆ ಹೋಯಿತು. ಕೋಟೆಯಲ್ಲಿ ನಿಧಾನವಾಗಿ ನಡೆಯಿರಿ. ಒರಟು ಕರಿಕಲ್ಲಿನ ಸಾಲಿನಲ್ಲಿ ಇದ್ದಕ್ಕಿದ್ದಂತೆ ಕೆತ್ತನೆಯ ಒಂದು ತುಂಡು ಸಿಗುತ್ತದೆ.

ಚಾಲುಕ್ಯರ ಶಿಲ್ಪಿಗಳ ಕೈಚಳಕ ಇಡಿಯಾಗಿ ನೋಡಬೇಕಾದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋಗಿ. ಅಲ್ಲಿನ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಬರೆಯುತ್ತಿದ್ದಾಳೆ. ಅವಳ ಕೈಯ ಮುಂದೆ ಇರುವ ಅಕ್ಷರಗಳು ನಿಜವಾದ ಶಾಸನ, ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲುಗಳು. ರಾಜನ ಹೊಗಳಿಕೆಯನ್ನು ಕಲ್ಲಿನ ಹುಡುಗಿಯ ಕೈಯಲ್ಲಿ ಬರೆಸಿದ ಆ ಶಿಲ್ಪಿಗೆ ನಾನು ಪ್ರತಿ ಸಲ ಕೈ ಮುಗಿಯುತ್ತೇನೆ.

## ಅರಸರು, ಶರಣರು

ರಾಜಧಾನಿ ಇಲ್ಲಿಗೇ ಯಾಕೆ ಬಂತು?

973ರಲ್ಲಿ ಚಾಲುಕ್ಯರ ಎರಡನೇ ತೈಲಪ ರಾಷ್ಟ್ರಕೂಟರನ್ನು ಸೋಲಿಸಿದ. ಅವರ ರಾಜಧಾನಿ ಮಾನ್ಯಖೇಟ, ಈಗಿನ ಸೇಡಂ ತಾಲ್ಲೂಕಿನ ಮಳಖೇಡ, ಅವನ ಕೈಗೆ ಬಂತು. ಆದರೆ ತೆಂಕಣದಿಂದ ಚೋಳರ ದಾಳಿ ಜೋರಾಗಿತ್ತು. 1042ರಿಂದ 1068ರವರೆಗೆ ಆಳಿದ ಒಂದನೇ ಸೋಮೇಶ್ವರ ರಾಜಧಾನಿಯನ್ನು ಇನ್ನೂ ಉತ್ತರಕ್ಕೆ, ಕಲ್ಯಾಣಕ್ಕೆ ತಂದ. ಇಲ್ಲಿಂದ ಅತ್ತ ಗೋದಾವರಿ ಬಯಲಿಗೂ ಇತ್ತ ಕೃಷ್ಣಾ ತೀರಕ್ಕೂ ಕೈ ಚಾಚಬಹುದಿತ್ತು. ಆಗ ಇದು ರಾಜ್ಯದ ನಡುಮಧ್ಯೆ. ಇದು ಗಡಿ ಊರಾದದ್ದು 1956ರಲ್ಲಿ.

ವಿಕ್ರಮಾದಿತ್ಯ ಉಜ್ಜಯಿನಿ ರಾಜ ಅಲ್ವಾ? ನಮ್ಮ ಊರಿಗೆ ಏನು ಸಂಬಂಧ?

ಕಥೆಯ ವಿಕ್ರಮಾದಿತ್ಯ ಬೇರೆ. ನಮ್ಮವನು ಒಂದನೇ ಸೋಮೇಶ್ವರನ ಮಗ, ಆರನೇ ವಿಕ್ರಮಾದಿತ್ಯ. 1076ರಿಂದ 1126ರವರೆಗೆ, ಅಂದರೆ 50 ವರ್ಷ ಆಳಿದ. ಪಟ್ಟಕ್ಕೆ ಬಂದ ವರ್ಷದಿಂದ ತನ್ನದೇ ಚಾಲುಕ್ಯ ವಿಕ್ರಮ ಶಕೆ ಶುರು ಮಾಡಿದ. ಅವನ ಚರಿತ್ರೆಯನ್ನು ಕಾವ್ಯ ಮಾಡಿದ ಬಿಲ್ಹಣ ಕಾಶ್ಮೀರದಿಂದ ಇಲ್ಲಿಯವರೆಗೆ ನಡೆದು ಬಂದ ಕವಿ.

ನನಗೆ ಇವರಿಗಿಂತ ದೊಡ್ಡವರಾಗಿ ಕಾಣುವುದು ಅದೇ ಆಸ್ಥಾನದ ಪಂಡಿತ ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ‘ಮಿತಾಕ್ಷರ’ ಟೀಕೆ ಬಂಗಾಳದ ಕಡೆಯೊಂದನ್ನು ಬಿಟ್ಟು ಸುಮಾರಾಗಿ ಇಡೀ ಭಾರತದಲ್ಲಿ ಹಿಂದೂ ಮನೆಗಳ ಆಸ್ತಿ ಪಾಲಿಗೆ ಆಧಾರವಾಯಿತು. ಬ್ರಿಟಿಷರ ಕೋರ್ಟುಗಳೂ ಅದನ್ನೇ ಹಿಡಿದವು. ಇಂದಿಗೂ ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯದಲ್ಲಿ ವಕೀಲರು ಆ ಹೆಸರು ಎತ್ತುತ್ತಾರೆ. ಕಲ್ಯಾಣದಂಥ ಊರು ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಇರುವುದಿಲ್ಲ ಎಂದು ಪುಸ್ತಕದ ಕೊನೆಗೆ ಬರೆದವರು ಅವರೇ. ಅವರನ್ನು ಕಲಬುರಗಿ ಜಿಲ್ಲೆಯ ಮರತೂರಿನ ಜನ ತಮ್ಮೂರಿನವರೆಂದು ನೆನೆಯುತ್ತಾರೆ.

ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದ 100 ಅಧ್ಯಾಯಗಳಲ್ಲಿ ರಾಜ್ಯಭಾರದಿಂದ ಅಡುಗೆಮನೆವರೆಗೆ ಎಲ್ಲ ಇದೆ. ಉದ್ದಿನ ಹಿಟ್ಟಿನ ಇಡ್ಡರಿಕಾ ಎಂಬ ತಿನಿಸು ಅದರಲ್ಲಿ ಬರುತ್ತದೆ. ನಮ್ಮ ಇಡ್ಲಿಯ ಅಜ್ಜಿ ಅದೇ ಎಂದು ಆಹಾರದ ಚರಿತ್ರೆ ಬರೆಯುವವರು ಹೇಳುತ್ತಾರೆ.

ಅನುಭವ ಮಂಟಪ ನಿಜವಾಗಿ ಎಲ್ಲಿತ್ತು? ಈಗ ಇರೋದು ಅದೇನಾ?

ಈಗ ಜನ ನೋಡಿ ಬರುವ ಅನುಭವ ಮಂಟಪದ ಕಟ್ಟಡ 20ನೇ ಶತಮಾನದ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದೇವರ ದುಡಿಮೆಯಿಂದ ಎದ್ದದ್ದು. ಇದಲ್ಲದೆ ಏಳೂವರೆ ಎಕರೆ ಜಾಗದಲ್ಲಿ ಸರ್ಕಾರ ಕಟ್ಟಿಸುವ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 770 ಅಮರಗಣಂಗಳ, ಅಂದರೆ ಶರಣರ, ನೆನಪಿಗೆ 770 ಕಂಬ ಎಂಬುದು ಅದರ ನಕ್ಷೆ.

12ನೇ ಶತಮಾನದ ಜಾಗ ಇಂಥದ್ದೇ ಎಂದು ಬೆರಳಿಟ್ಟು ಹೇಳುವವರು ಹಲವರಿದ್ದಾರೆ, ಒಬ್ಬೊಬ್ಬರು ಒಂದೊಂದು ಕಡೆ. ನನ್ನ ಅಭಿಪ್ರಾಯ ನೇರ. ಕಸ ಗುಡಿಸುವ ಸತ್ಯಕ್ಕ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ ಒಂದೇ ಸಾಲಿನಲ್ಲಿ ಕೂತು ಅಲ್ಲಮಪ್ರಭುಗಳ ಎದುರು ಮಾತಾಡಿದರು ಎನ್ನುವುದು ದೊಡ್ಡ ಸಂಗತಿ. ಅವರ ವಚನಗಳು ನಮ್ಮ ಕೈಯಲ್ಲಿವೆ. ಜಾಗದ ಜಗಳಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಅವುಗಳಿಗೆ ಕೊಟ್ಟರೂ ಸಾಕು.

ಹರಳಯ್ಯ, ಮಧುವರಸರ ಮಕ್ಕಳ ಮದುವೆ ಖರೇನೇ ನಡೀತಾ?

ಸಂಪ್ರದಾಯ ಹೇಳುವುದು ಇಷ್ಟು. ಚಮ್ಮಾರ ಹರಳಯ್ಯನ ಮಗ ಶೀಲವಂತ, ಬ್ರಾಹ್ಮಣ ಮಧುವರಸನ ಮಗಳು ಲಾವಣ್ಯ. ಇಬ್ಬರ ಮನೆಯವರೂ ಶರಣರು, ಕುಲ ಬಿಟ್ಟವರು. ಮದುವೆ ಆಯಿತು, ಊರಿನ ದೊಡ್ಡವರು ಸಿಟ್ಟಾದರು. ಬಿಜ್ಜಳ ಅಪ್ಪಂದಿರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ. ಮುಂದೆ ಬಿಜ್ಜಳನ ಕೊಲೆ, ದಂಗೆ. ಬಸವಣ್ಣ ಕೂಡಲಸಂಗಮಕ್ಕೆ, ಚನ್ನಬಸವಣ್ಣನ ಹಿಂದೆ ಒಂದು ದಂಡು ಉಳವಿಗೆ.

ಈ ಕಥೆ ನಮಗೆ ಬಂದದ್ದು ಆಮೇಲಿನ ಕಾವ್ಯ, ಪುರಾಣಗಳಿಂದ. ಶಾಸನಗಳು ಬೇರೆ ರೀತಿಯ ಸಾಕ್ಷಿ. ಕಲಚುರಿ ಬಿಜ್ಜಳ ಚಾಲುಕ್ಯರ ಮಾಂಡಲಿಕನಾಗಿದ್ದವನು, ಮಂಗಳವೇಢೆಯವನು, 1160ರ ಆಸುಪಾಸಿನಲ್ಲಿ ಕಲ್ಯಾಣದ ಪಟ್ಟ ಹಿಡಿದ. 1168ರ ಹೊತ್ತಿಗೆ ಅವನ ಆಳ್ವಿಕೆ ಮುಗಿಯಿತು. ಇಷ್ಟು ಶಾಸನಗಳಿಂದ ಗಟ್ಟಿ. ಬಸವಣ್ಣನವರ ಹೆಸರು ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನದಲ್ಲಿ ಸಿಗುತ್ತದೆ. ಶಾಸನದಲ್ಲಿಲ್ಲ ಎಂದ ಮಾತ್ರಕ್ಕೆ ಮದುವೆ ಸುಳ್ಳಾಗುವುದಿಲ್ಲ. ಕಲ್ಲು ಕೆತ್ತಿಸಿದವರು ಅರಸರು, ದಂಡನಾಯಕರು, ದಾನ ಕೊಟ್ಟ ಸಾಹುಕಾರರು. ಚಮ್ಮಾರನ ಮನೆಯ ಮದುವೆಗೆ ಕಲ್ಲು ನಿಲ್ಲಿಸುವವರು ಯಾರಿದ್ದರು? ಹಾಗಾಗಿ ಎರಡನ್ನೂ ಇಟ್ಟುಕೊಳ್ಳಿ, ಆದರೆ ಯಾವುದು ಎಲ್ಲಿಂದ ಬಂತು ಎಂದು ಮಕ್ಕಳಿಗೆ ಬಿಡಿಸಿ ಹೇಳಿ.

## ಕೋಟೆ, ಸುಲ್ತಾನರು, ನವಾಬರು

ಮುಸಲ್ಮಾನ ಅರಸರು ಬಂದ ಮೇಲೆ ಗುಡಿ ಎಲ್ಲಾ ಕೆಡವಿದ್ರು ಅಂತಾರೆ. ಹೌದಾ?

ಯುದ್ಧಗಳಲ್ಲಿ ಗುಡಿಗಳು ಹಾಳಾಗಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಮ್ಮ ಊರಿನದೇ ಒಂದು ಶಾಸನವನ್ನು ಎಲ್ಲರೂ ತಿಳಿದಿರಬೇಕು. ಅದು 1326ರದು, ಶಕ 1248. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್. ಭಾಷೆ ಸಂಸ್ಕೃತ. ಆಗ ಸಗರದಲ್ಲಿ, ಅಂದರೆ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ, ಅಧಿಕಾರದಲ್ಲಿದ್ದ ಸುಲ್ತಾನನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆ ಎದ್ದಿದ್ದ. ಆ ಗದ್ದಲದಲ್ಲಿ ಕಲ್ಯಾಣದ ಮಧುಕೇಶ್ವರ ಗುಡಿಯ ಲಿಂಗಕ್ಕೆ ಪೆಟ್ಟು ಬಿತ್ತು, ಪೂಜೆ ನಿಂತಿತು. ಠಕ್ಕುರ ಮಲ್ಲು ಎಂಬವನು ಸುಲ್ತಾನನ ಅಧಿಕಾರಿ ಖ್ವಾಜಾ ಅಹ್ಮದನ ಹತ್ತಿರ ಹೋಗಿ ಮತ್ತೆ ಪ್ರತಿಷ್ಠೆ ಮಾಡಲು ಅಪ್ಪಣೆ ಕೇಳಿದ. ಪೂಜೆ ಇವನ ಧರ್ಮ, ಮಾಡಿಕೊಳ್ಳಲಿ ಎಂದು ಖ್ವಾಜಾ ಒಪ್ಪಿದ. ಲಿಂಗ ಮತ್ತೆ ಕೂತಿತು.

ಒಂದೇ ಕಲ್ಲಿನಲ್ಲಿ ಗುಡಿ ಕೆಟ್ಟದ್ದೂ ಇದೆ, ಗುಡಿ ಎದ್ದದ್ದೂ ಇದೆ. ಅರ್ಧ ಓದಿ ಜಗಳಕ್ಕೆ ಇಳಿಯುವುದು ಊರಿಗೆ ಮಾಡುವ ಅನ್ಯಾಯ.

ಕೋಟೆ ಕಟ್ಟಿದ್ದು ಯಾರು?

ಒಬ್ಬರಲ್ಲ. ಚಾಲುಕ್ಯರ ನೆಲೆಯ ಮೇಲೆ ಬಹಮನಿಗಳು ಕಟ್ಟಿದರು. ಬಂದೂಕು, ತೋಪು ಬಂದ ಮೇಲೆ ಬುರುಜು ದಪ್ಪವಾದವು. ಬಹಮನಿ ರಾಜ್ಯ ಒಡೆದಾಗ ಬೀದರಿನ ಬರೀದರು, ವಿಜಯಪುರದ ಆದಿಲಶಾಹಿಗಳು, ಅಹ್ಮದನಗರದವರು ಇದಕ್ಕಾಗಿ ಕಾದಾಡಿದರು. ವಿಜಯನಗರದ ಅಳಿಯ ರಾಮರಾಯನೂ 16ನೇ ಶತಮಾನದ ನಡುವಿನಲ್ಲಿ ಈ ಕೋಟೆಯ ಮೇಲೆ ಕಣ್ಣಿಟ್ಟು ದಂಡು ತಂದ. ಅವನ ಅರವೀಡು ಮನೆತನ ತಾವು ಚಾಲುಕ್ಯರ ವಂಶದವರೆಂದು ಹೇಳಿಕೊಳ್ಳುತ್ತಿತ್ತು, ಹಾಗಾಗಿ ಕಲ್ಯಾಣ ಅವನಿಗೆ ಬರೀ ಇನ್ನೊಂದು ಕೋಟೆ ಆಗಿರಲಿಲ್ಲ. 1657ರಲ್ಲಿ ಔರಂಗಜೇಬ್ ಮೊದಲು ಬೀದರ್ ಗೆದ್ದು, ಆಮೇಲೆ ಬೇಸಿಗೆಯಿಂದ ಮಳೆಗಾಲದವರೆಗೆ ಮುತ್ತಿಗೆ ಹಾಕಿ ಕಲ್ಯಾಣಿಯನ್ನೂ ಹಿಡಿದ.

ಕಲ್ಯಾಣಿ ನವಾಬರು ಅಂದ್ರೆ ನಿಜಾಮರೇನಾ?

ಅಲ್ಲ. ನಿಜಾಮರು ಹೈದರಾಬಾದಿನ ದೊರೆಗಳು. ಕಲ್ಯಾಣಿ ನವಾಬರು ಅವರ ಕೆಳಗಿನ ಜಹಗೀರುದಾರರು, 18ನೇ ಶತಮಾನದಿಂದ ಕೋಟೆಯಲ್ಲಿ ಇದ್ದವರು. 1949ರಲ್ಲಿ ಜಹಗೀರುಗಳು ರದ್ದಾಗುವವರೆಗೆ ಇದೇ ಏರ್ಪಾಡು.

ಆ ಕಾಲದ ಊರು ಹೇಗಿತ್ತು ಎಂದು ತಿಳಿಯಲು ಮಾಣಿಕ ಪ್ರಭುಗಳನ್ನು ನೋಡಿ. 1817ರಲ್ಲಿ ಇಲ್ಲೇ ಲಾಡವಂತಿಯಲ್ಲಿ ಹುಟ್ಟಿ, ಕಲ್ಯಾಣಿಯಲ್ಲಿ ಬೆಳೆದು, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಯಾದವರು. ಮರಾಠಿ, ಕನ್ನಡ, ಹಿಂದಿ, ಉರ್ದು ಎಲ್ಲದರಲ್ಲೂ ಪದ ಹಾಡಿದರು. ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯ ಅವರದು. ಅವರ ದರ್ಬಾರಿಗೆ ಹಿಂದೂ ಮುಸ್ಲಿಂ ಇಬ್ಬರೂ ಬರುತ್ತಿದ್ದರು. ಹೊರಗಿನವರಿಗೆ ಇದು ಅಚ್ಚರಿ. ನಮ್ಮ ಓಣಿಗಳಲ್ಲಿ ಈಗಲೂ ಒಂದೇ ಮಾತಿನಲ್ಲಿ ಮೂರು ಭಾಷೆ ಹಾಯುತ್ತವೆ, ತಾಂಡಾದವರು ಸಂತೆಗೆ ಬಂದರೆ ಲಂಬಾಣಿ ಸೇರಿ ನಾಲ್ಕು.

## 1948 ಮತ್ತು 1956

ಗೋರಟಾದಲ್ಲಿ ಏನಾಯ್ತು? ಮನೆಯಲ್ಲಿ ಹಿರಿಯರು ಬಾಯೇ ಬಿಡಲ್ಲ.

ಗೋರಟಾ ಬಸವಕಲ್ಯಾಣ ಭಾಗದ ಹಳ್ಳಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರದೆ ಕೂತಿದ್ದ ದಿನಗಳು. 1948ರ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ನಿಜಾಮರ ಪರ ನಿಂತ ಖಾಸಗಿ ಶಸ್ತ್ರಧಾರಿ ದಂಡಿನವರು, ಈ ಹಳ್ಳಿಯ ಮೇಲೆ ಬಿದ್ದರು. ಕೊಂದರು, ಸುಟ್ಟರು, ಲೂಟಿ ಮಾಡಿದರು. ಅಲ್ಲಿ ಈಗ ಹುತಾತ್ಮರ ಸ್ಮಾರಕ ಇದೆ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಆ ದಿನವನ್ನು ನಾವು ವಿಮೋಚನೆಯ ದಿನವಾಗಿ ಆಚರಿಸುತ್ತೇವೆ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವಾರಗಳಲ್ಲಿ, ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಮನೆಗಳ ಮೇಲೂ ಸೇಡು ತೀರಿತು. ಪ್ರಧಾನಿ ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ಹಳ್ಳಿ ಹಳ್ಳಿ ಸುತ್ತಿ ವರದಿ ಕೊಟ್ಟಿತು. ಸತ್ತವರು ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ವರದಿ ದಶಕಗಳ ಕಾಲ ಹೊರಗೆ ಬರಲೇ ಇಲ್ಲ.

ಹಿರಿಯರು ಬಾಯಿ ಬಿಡದಿರುವುದಕ್ಕೆ ಕಾರಣ ಇದೇ ಇರಬೇಕು. ನೋವು ಎರಡೂ ಕಡೆ ಇತ್ತು, ಆಮೇಲೂ ಅದೇ ಓಣಿಯಲ್ಲಿ ಬಾಳಬೇಕಿತ್ತು. ಗೋರಟಾದ ಸತ್ತವರನ್ನು ನೆನೆಯುವಾಗ ಆಮೇಲೆ ಸತ್ತವರನ್ನೂ ನೆನೆಯಬೇಕು ಎಂಬುದು ನನ್ನ ಖಚಿತ ಮಾತು.

ನಮ್ಮ ಬಳಗ ಅರ್ಧ ಉದಗೀರ್, ನಿಲಂಗಾದಾಗ ಅದ. ಗಡಿ ಹಿಂಗ್ಯಾಕ ಹಾಕಿದ್ರು?

1956ರವರೆಗೆ ಬೀದರ್ ಜಿಲ್ಲೆ ಈಗಿನದಕ್ಕಿಂತ ಎಷ್ಟೋ ದೊಡ್ಡದಿತ್ತು. ಉದಗೀರ್, ನಿಲಂಗಾ, ಅಹ್ಮದಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲ ಅದರೊಳಗೆ. 1956ರ ನವೆಂಬರ್ 1ರಂದು ಭಾಷೆ ನೋಡಿ ರಾಜ್ಯ ವಿಂಗಡಿಸಿದಾಗ ಒಂದೇ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ಈಗ ಲಾತೂರ್ ಜಿಲ್ಲೆಯಲ್ಲಿವೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಈಗ ತೆಲಂಗಾಣ. ಉಳಿದದ್ದು ಮೈಸೂರಿಗೆ.

ಭಾಷೆ ನೋಡಿ ಗೆರೆ ಎಳೆದರು, ಸರಿ. ಆದರೆ ಬೀಗತನ ಭಾಷೆ ನೋಡಿ ಆಗಿರಲಿಲ್ಲ. ಅದಕ್ಕೇ ಕರ್ನಾಟಕದ ಸೊಸೆಗೆ ಮಹಾರಾಷ್ಟ್ರದ ತವರು. ಗಡಿ ತಂಟೆ ಮಹಾಜನ್ ಆಯೋಗದ 1967ರ ವರದಿಯಿಂದಲೂ ತೀರಲಿಲ್ಲ, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಇಲ್ಲಿಯ ಜನರಿಗೆ ಮಾತ್ರ ಉಮರ್ಗಾ ಸಂತೆ ಪಕ್ಕದ ಸಂತೆ, ಅಷ್ಟೇ.

ನಿಜಾಮರ ಕಾಲದಲ್ಲಿ ಕನ್ನಡ ಕಲಿಯೋದೇ ಕಷ್ಟ ಇತ್ತಂತೆ?

ಹೌದು. ಕಚೇರಿ, ಕೋರ್ಟು, ಮೇಲಿನ ಓದು ಎಲ್ಲ ಉರ್ದುವಿನಲ್ಲಿ. ಭಾಲ್ಕಿಯಲ್ಲಿ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಶಾಲೆ ಎಂದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬೀದರ್ ಜಿಲ್ಲೆಯಲ್ಲಿ ಕನ್ನಡ ಓದಿದ ಮೊದಲ ತಲೆಮಾರುಗಳು ಅವರ ಋಣದಲ್ಲಿವೆ.

## ಸ್ವಂತವಾಗಿ ಹುಡುಕುವವರಿಗೆ

ಮನೆಯಲ್ಲಿ ಅಜ್ಜನ ಕಾಲದ ಉರ್ದು ಕಾಗದ ಇವೆ. ಓದೋದು ಹೇಗೆ?

ಮೊದಲು ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದ ಒಳಗೇ ಹಾಳಾಗುತ್ತದೆ. ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ.

ಆಮೇಲೆ ವರ್ಷ ನೋಡಿ. 1340, 1350 ಅಂತಿದ್ದರೆ ಗಾಬರಿ ಬೇಡ, ಅದು ಫಸಲಿ ಸನ್, ನಿಜಾಮರ ಕಚೇರಿಗಳಲ್ಲಿ ಬಳಸುತ್ತಿದ್ದ ಕಂದಾಯದ ವರ್ಷ. ಸುಮಾರಾಗಿ 590 ಕೂಡಿಸಿ. 1357 ಫಸಲಿ ಅಂದರೆ 1947–48. ಹಣದ ಮೊತ್ತ ಅಂಕಿಯಲ್ಲಿ ಇರದೆ ಬಳ್ಳಿಯಂತೆ ಸುತ್ತಿದ ಗುರುತಿನಲ್ಲಿ ಇದ್ದರೆ ಅದು ರಕಮು. ಸಾಧಾರಣ ಉರ್ದು ಬಲ್ಲವರಿಗೂ ಅದು ಬರುವುದಿಲ್ಲ, ಹಳೇ ದಸ್ತಾವೇಜು ಬರೆಯುತ್ತಿದ್ದವರ ಮನೆಯವರನ್ನು ಕೇಳಿ. ‘ಹಾಲಿ ಸಿಕ್ಕಾ’ ಎಂದಿದ್ದರೆ ಅದು ನಿಜಾಮರ ರೂಪಾಯಿ, ಬ್ರಿಟಿಷ್ ರೂಪಾಯಿ ಅಲ್ಲ. ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಲೆಕ್ಕ. ಕುಲಕರ್ಣಿ ಮನೆತನದ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೇ ಲಿಪಿಯಲ್ಲಿ, ಇರಬಹುದು. ಅದಕ್ಕೆ ಮಹಾರಾಷ್ಟ್ರದ ಕಡೆ ಓದುವವರು ಸಿಗುತ್ತಾರೆ.

ಹೊಲದ ವಿಷಯವಾದರೆ ತಹಶೀಲ್ ಕಚೇರಿಯಲ್ಲಿ ಸೇತವಾರು (ಸರ್ವೆ ನಂಬರುವಾರು ಹೊಲಗಳ ಪಟ್ಟಿ) ಮತ್ತು 1954–55ರ ಖಾಸ್ರಾ ಪಹಣಿ ಕೇಳಿ. ಸಂಸ್ಥಾನದ ಕಾಲದ ಕಡತಗಳ ದೊಡ್ಡ ಭಂಡಾರ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ.

ಹಿರಿಯರ ನೆನಪು ಬರೆದಿಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಈ ವಾರವೇ ಶುರು ಮಾಡಿ. 1948ನ್ನು ಬುದ್ಧಿ ಬಂದು ಕಂಡವರಿಗೆ ಈಗ 85 ದಾಟಿದೆ. ‘ರಜಾಕಾರರ ಬಗ್ಗೆ ಹೇಳ್ರಿ’ ಅಂತ ನೇರವಾಗಿ ಕೇಳಿದರೆ ಸುಮ್ನೆ ಕೂತುಬಿಡುತ್ತಾರೆ. ಆ ವರ್ಷ ಜೋಳ ಹೇಗಿತ್ತು, ಹಗೇವು ಎಲ್ಲಿತ್ತು, ರಾತ್ರಿ ಎಲ್ಲಿ ಮಲಗುತ್ತಿದ್ದಿರಿ, ಯಾರ ಮನೆಯಲ್ಲಿ ಬಚ್ಚಿಟ್ಟುಕೊಂಡಿರಿ ಎಂದು ಕೇಳಿ. ಮಾತು ತಾನೇ ಬರುತ್ತದೆ. ಹೆಂಗಸರನ್ನು ಬೇರೆಯಾಗಿ, ಗಂಡಸರು ಎದ್ದು ಹೋದ ಮೇಲೆ ಮಾತಾಡಿಸಿ. ಅವರ ನೆನಪು ಬೇರೆ ಇರುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ, ನಡುವೆ ಬರುವ ಉರ್ದು, ಮರಾಠಿಯನ್ನೂ ಹಾಗೇ ಬಿಡಿ. ಊರು, ಓಣಿ, ದಿನಾಂಕ, ಮಾತಾಡಿದವರ ಅಂದಾಜು ವಯಸ್ಸು ಮೊದಲಿಗೇ ಹೇಳಿ ರೆಕಾರ್ಡ್ ಆಗಲಿ. ಯಾರ ಮೇಲಾದರೂ ಆರೋಪ ಬಂದರೆ ಆ ಹೆಸರನ್ನು ಹೊರಗೆ ಹಂಚಬೇಡಿ, ಅವರ ಮೊಮ್ಮಕ್ಕಳು ಪಕ್ಕದ ಮನೆಯಲ್ಲೇ ಇರಬಹುದು. ಎರಡನೇ ಪ್ರತಿಯನ್ನು ಬೇರೆ ಊರಿನ ನೆಂಟರ ಹತ್ತಿರ ಇಡಿ.